ಹಳೆಯ ಶಿಕ್ಷೆ, ಹೊಸ ರಹದಾರಿ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಿಗೆ ಕೆಲವು ದಿನಗಳ ಮಟ್ಟಿಗೆ ಹೋಗಿಬರಬಯಸುವ ಆಂಗ್ಲೇಯನಾಗಲಿ ಫ್ರೆಂಚನಾಗಲಿ ಜಪಾನೀಯನಾಗಲಿ ಇಂದು ವೀಸಾ ಎಂಬ ಮುದ್ರೆಗಾಗಿ ದೂತಾವಾಸದ ಬಾಗಿಲನ್ನು ಕಾಯಬೇಕಾಗಿಲ್ಲ. ತನ್ನ ಮನೆಯಲ್ಲಿಯೇ ಕುಳಿತು, ಅಂತರ್ಜಾಲದ ಮೂಲಕ ಒಂದು ಅರ್ಜಿಯನ್ನು ತುಂಬಿ, ಗೊತ್ತುಪಡಿಸಿದ ಶುಲ್ಕವನ್ನು ಸಲ್ಲಿಸಿದರೆ ಸಾಕು. ಒಪ್ಪಿಗೆ ದೊರೆತ ಮೇಲೆ ಸಾಮಾನ್ಯವಾಗಿ ಎರಡು ವರ್ಷಗಳ ವರೆಗೆ, ಒಂದೊಂದು ಸಲಕ್ಕೆ 90 ದಿನ ಮೀರದಂತೆ, ಅವನು ಆ ದೇಶದೊಳಗೆ ಹೋಗಿಬರಬಹುದು. ಆದರೆ ಆ ಅರ್ಜಿಯ ನಡುವೆ ಒಂದು ಪ್ರಶ್ನೆಯು ಮುಳ್ಳಿನಂತೆ ನಿಂತಿರುವದು. ಯಾವ ಕಾಲದಲ್ಲಾದರೂ, ಯಾವ ದೇಶದಲ್ಲಾದರೂ, ಸ್ವತ್ತಿಗೆ ಭಾರಿ ನಷ್ಟವನ್ನು ಇಲ್ಲವೆ ಮತ್ತೊಬ್ಬ ವ್ಯಕ್ತಿಗೆ ಅಥವಾ ಸರಕಾರೀ ಅಧಿಕಾರಕ್ಕೆ ಗಂಭೀರವಾದ ಹಾನಿಯನ್ನು ಉಂಟುಮಾಡಿದ ಅಪರಾಧಕ್ಕಾಗಿ ನೀವು ದಸ್ತಗಿರಿಯಾಗಿದ್ದೀರಾ, ಅಥವಾ ಅಪರಾಧಿಯೆಂದು ತೀರ್ಮಾನ ಹೊಂದಿದ್ದೀರಾ? ಉತ್ತರಕ್ಕೆ ಇರುವ ಮನೆಗಳು ಎರಡೇ: ಹೌದು, ಇಲ್ಲ. ಅವೆರಡರ ನಡುವೆ ಮನುಷ್ಯನ ಬಾಳಿಗೆ ತೆರವಾದ ಜಾಗವು ಎಳ್ಳಷ್ಟೂ ಇಲ್ಲ.

ಈ ವೀಸಾ ವಿನಾಯತಿಯ ಏರ್ಪಾಡು 1986ರ ಕಾಯದೆಯಿಂದ ಪ್ರಯೋಗರೂಪವಾಗಿ ಹುಟ್ಟಿತು. 1988ರಲ್ಲಿ ಬ್ರಿಟನ್ ಮೊದಲಾಗಿ ಅದರೊಳಗೆ ಸೇರಿತು. ಅದೇ ವರ್ಷ ಜಪಾನೂ ಸೇರಿತು. 2000ದಲ್ಲಿ ಅದಕ್ಕೆ ಸ್ಥಿರ ಸ್ವರೂಪ ಬಂದಿತು. ಮೊದಲು ವಿಮಾನದಲ್ಲಿ ಕೊಡುತ್ತಿದ್ದ ಹಸಿರು ಚೀಟಿಯ ಸ್ಥಾನದಲ್ಲಿ, 2009ರ ಜನೇವರಿ 12ರಿಂದ 'ಎಸ್ಟಾ' ಎಂಬ ಯಾಂತ್ರಿಕ ಅನುಮತಿಯು ಕಡ್ಡಾಯವಾಯಿತು. ಪ್ರಾರಂಭದಲ್ಲಿ ಧರ್ಮಾರ್ಥವಾಗಿದ್ದ ಈ ಅನುಮತಿಗೆ 2010ರಲ್ಲಿ 14 ಡಾಲರ, 2022ರಲ್ಲಿ 21 ಡಾಲರ, 2025ರ ಸೆಪ್ಟೆಂಬರ 30ರಿಂದ 40 ಡಾಲರ ಎಂದು ಶುಲ್ಕವು ಏರುತ್ತ ಹೋಯಿತು. ಸುಮಾರು ನಾಲ್ವತ್ತು ರಾಷ್ಟ್ರಗಳ ಪ್ರಜೆಗಳಿಗೆ ಈ ಸೌಲಭ್ಯವುಂಟು. ಭಾರತಕ್ಕೆ ಇಲ್ಲ.

ಭಾರತಕ್ಕೆ ಇಲ್ಲದಿರುವಾಗ ಈ ವಿಷಯದ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ನಾಡಿನಿಂದ ಹೋಗಿ ಬ್ರಿಟನ್ನಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದ ಕನ್ನಡ ಕುಟುಂಬಗಳು ಇಂದು ಕೆಲವಲ್ಲ. ಅವರೂ ಅವರ ಮಕ್ಕಳೂ ಇದೇ ಅರ್ಜಿಯನ್ನು ತುಂಬುವವರು. ಇನ್ನು ಭಾರತದ ಪ್ರಜೆಯು ಅಮೇರಿಕೆಯ ವೀಸಾ ಬೇಡುವಾಗ ತುಂಬುವ ಪತ್ರದಲ್ಲಿ ಕೇಳಲ್ಪಡುವ ಪ್ರಶ್ನೆಯು ಇದಕ್ಕಿಂತಲೂ ಅಗಲವಾದದ್ದು: ಕ್ಷಮಾದಾನವೇ ದೊರೆತಿದ್ದರೂ ಸರಿಯೆ, ಯಾವದೇ ಅಪರಾಧಕ್ಕಾಗಿ ಎಂದಾದರೂ ನೀವು ದಸ್ತಗಿರಿಯಾಗಿದ್ದೀರಾ ಎಂದು ಅದು ಕೇಳುತ್ತದೆ. ನೀರಿಗಾಗಿಯೋ ಭಾಷೆಗಾಗಿಯೋ ಬೀದಿಗಿಳಿದು ಪೋಲೀಸರ ಕೈಗೆ ಸಿಕ್ಕ ನಮ್ಮ ತರುಣನಿಗೂ ಹಾಗಾದರೆ ಈ ಪ್ರಶ್ನೆಯು ದೂರದ್ದಲ್ಲ.

ಪ್ರತಿಯೊಂದು ರಾಷ್ಟ್ರವೂ ತನ್ನ ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂದು ನಿಶ್ಚಯಿಸುವ ಹಕ್ಕನ್ನು ಹೊಂದಿರುವದು. ಪರಕೀಯರು ಬಾಗಿಲನ್ನು ಕೇಳದೆಯೇ ಒಳಹೊಕ್ಕ ದುಃಖವನ್ನು ಉಂಡ ದೇಶದವರಾದ ನಾವು ಆ ಹಕ್ಕನ್ನು ಅಲ್ಲಗಳೆಯಲಾರೆವು. ಕೊಲೆಗಾರನನ್ನೂ ಮಾದಕ ವಸ್ತುಗಳ ಕಳ್ಳ ವ್ಯಾಪಾರಿಯನ್ನೂ ತಡೆಯಲೆಂದು ಅಮೇರಿಕೆಯು ಕೋಟೆಯನ್ನೇ ಕಟ್ಟಿಕೊಂಡರೂ ನಮ್ಮ ತಕರಾರಿಲ್ಲ. ನಮ್ಮ ತಕರಾರು ಇರುವದು ಎರಡು ಸಂಗತಿಗಳ ವಿಷಯವಾಗಿ. ದಸ್ತಗಿರಿಯನ್ನು ಅಪರಾಧದ ಸಾಲಿನಲ್ಲಿ ಕೂಡಿಸಿದ್ದು ಒಂದು. ಕಾಲದ ಮಿತಿಯನ್ನೇ ಇಡದಿದ್ದದ್ದು ಇನ್ನೊಂದು.

ದಸ್ತಗಿರಿ ಎಂದರೆ ಪೋಲೀಸ ಅಧಿಕಾರಿಯ ಸಂಶಯ. ತೀರ್ಪು ಎಂದರೆ ನ್ಯಾಯಾಧೀಶನ ನಿರ್ಣಯ. ಇವೆರಡನ್ನೂ ಒಂದೇ ವಾಕ್ಯದಲ್ಲಿ 'ಅಥವಾ' ಎಂಬ ಶಬ್ದದಿಂದ ಹೊಲಿದು, ಎರಡಕ್ಕೂ ಒಂದೇ ಉತ್ತರವನ್ನು ಬೇಡುವದು, ಆರೋಪಿಯು ನಿರಪರಾಧಿಯೆಂದೇ ತಿಳಿಯತಕ್ಕದ್ದೆಂಬ ನಿಯಮವನ್ನು ಜಗತ್ತಿಗೆ ಸಾರುವ ದೇಶಕ್ಕೆ ಒಪ್ಪುವ ಮಾತಲ್ಲ. ತಪ್ಪಾಗಿ ಹಿಡಿಯಲ್ಪಟ್ಟು ಮರುದಿನವೇ ಬಿಡುಗಡೆ ಹೊಂದಿದವನೂ, ಖಟ್ಲೆಯಲ್ಲಿ ನಿರ್ದೋಷಿಯಾಗಿ ಹೊರಬಂದವನೂ, ಆಪಾದನೆಯು ಮೇಲೆ ಹೇಳಿದಂತಹದಾಗಿದ್ದರೆ, 'ಹೌದು' ಎಂದೇ ಬರೆಯಬೇಕು. ಲಂಡನಿನಲ್ಲಿರುವ ಅಮೇರಿಕನ್ ದೂತಾವಾಸವಂತೂ ಇನ್ನೂ ಮುಂದೆ ಹೋಗಿ, ಯಾವ ದಸ್ತಗಿರಿಯಾಗಿದ್ದರೂ, ಶಿಕ್ಷೆಯಾಗದಿದ್ದರೂ, ವಿನಾಯತಿಯನ್ನು ನೆಚ್ಚದೆ ವೀಸಾಕ್ಕೆ ಅರ್ಜಿ ಹಾಕುವದು ಲೇಸೆಂದು ಬಹುಕಾಲದಿಂದ ಸೂಚಿಸುತ್ತ ಬಂದಿದೆ. ಪ್ರಶ್ನೆಯು ಕೇಳುವದು ಕಿರಿದು, ಕಾಯದೆಯು ಹಿಡಿಯುವದು ಹಿರಿದು, ಸೂಚನೆಯು ಹೇಳುವದು ಅದಕ್ಕೂ ಹಿರಿದು. ಈ ಮೂರರ ನಡುವೆ ಸಾಮಾನ್ಯ ಪ್ರವಾಸಿಯು ದಿಕ್ಕು ತೋಚದವನಾಗುತ್ತಾನೆ.

ಕಾಯದೆಯು ಹಿಡಿಯುವದೇನು? 1891ರ ವಲಸೆ ಕಾಯದೆಯಿಂದಲೂ ಅಮೇರಿಕೆಯು 'ನೈತಿಕ ಅಧಃಪತನ'ವನ್ನು ಒಳಗೊಂಡ ಅಪರಾಧಿಗಳಿಗೆ ಪ್ರವೇಶವನ್ನು ನಿಷೇಧಿಸುತ್ತ ಬಂದಿದೆ. ಈಗ ನಡೆಯುತ್ತಿರುವ 1952ರ ಕಾಯದೆಯಲ್ಲಿಯೂ ಆ ಮಾತೇ ಉಳಿದಿದೆ. ನೈತಿಕ ಅಧಃಪತನವೆಂದರೇನೆಂಬುದನ್ನು ಆ ಕಾಯದೆಯು ಎಲ್ಲಿಯೂ ಬಿಡಿಸಿ ಹೇಳಿಲ್ಲ. ನೂರು ವರ್ಷಗಳಿಗೆ ಮೀರಿ ನ್ಯಾಯಾಲಯಗಳೇ ಅದನ್ನು ಬಿಡಿಸುತ್ತ ಕುಳಿತಿವೆ. ಕಳವು, ವಂಚನೆ, ಸುಳ್ಳು ದಾಖಲೆ ಇವು ಸಾಮಾನ್ಯವಾಗಿ ಅದರೊಳಗೆ ಬರುವವು. ಕುಡಿದು ಗಾಡಿ ನಡೆಸಿದ ಒಂದು ಸಾದಾ ಅಪರಾಧವು ಸಾಮಾನ್ಯವಾಗಿ ಬರುವದಿಲ್ಲ. (ನೆರೆಯ ಕೆನಡಾದಲ್ಲಿ ಇದಕ್ಕೆ ತಲೆಕೆಳಗು: 2018ರ ಡಿಸೆಂಬರದಿಂದ ಅಲ್ಲಿ ಕುಡಿದು ಗಾಡಿ ನಡೆಸುವದು ಗಂಭೀರ ಅಪರಾಧಗಳ ಸಾಲಿಗೆ ಸೇರಿದೆ. ಒಂದೇ ಸೀಮೆರೇಖೆಯ ಎರಡು ಪಕ್ಕಗಳಲ್ಲಿ ಒಂದೇ ತಪ್ಪಿಗೆ ಎರಡು ತೂಕ!)

ಕ್ಷುಲ್ಲಕ ಅಪರಾಧವೆಂಬ ಒಂದು ರಿಯಾಯತಿಯೂ ಕಾಯದೆಯಲ್ಲಿದೆ. ಅಪರಾಧವು ಒಂದೇ ಆಗಿದ್ದು, ಅದಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯು ಒಂದು ವರ್ಷವನ್ನು ಮೀರದೆ, ವಾಸ್ತವವಾಗಿ ವಿಧಿಸಿದ್ದು ಆರು ತಿಂಗಳನ್ನು ಮೀರದೆ ಇದ್ದರೆ ಅದನ್ನು ಲೆಕ್ಕಿಸತಕ್ಕದ್ದಲ್ಲ. ಹದಿನೆಂಟು ತುಂಬುವ ಮೊದಲು ಮಾಡಿದ ಒಂದೇ ತಪ್ಪು, ಐದು ವರ್ಷಗಳಿಗಿಂತ ಹಳೆಯದಾಗಿದ್ದರೆ ಅದನ್ನೂ ಬಿಡತಕ್ಕದ್ದು. ಕೇಳುವದಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಆಂಗ್ಲ ದೇಶದ 1968ರ ಚೌರ್ಯ ಕಾಯದೆಯಲ್ಲಿ ಕಳವಿಗೆ ಗರಿಷ್ಠ ಶಿಕ್ಷೆಯು ಏಳು ವರ್ಷ. ವಿದ್ಯಾರ್ಥಿದೆಸೆಯಲ್ಲಿ ಗೆಳೆಯನ ವಸ್ತುವನ್ನೆತ್ತಿಕೊಂಡು ಸಿಕ್ಕುಬಿದ್ದು, ಆ ಕಾಯದೆಯ ಮೇರೆಗೆ ಕೆಲವೇ ಪೌಂಡುಗಳ ದಂಡ ತೆತ್ತು ಮನೆಗೆ ಬಂದ ಹತ್ತೊಂಬತ್ತರ ಹುಡುಗನಿಗೂ, ಏಳು ವರ್ಷದ ಆ ಲೆಕ್ಕದಿಂದಾಗಿ, ಈ ರಿಯಾಯತಿಯು ತಪ್ಪಿಹೋಗಬಹುದು. ಅವನು ಐವತ್ತು ವರ್ಷದ ಗೃಹಸ್ಥನಾಗಿ ಮಗಳ ಬಾಣಂತನಕ್ಕೆ ಹೆಂಡತಿಯೊಡನೆ ನ್ಯೂಯಾರ್ಕಿಗೆ ಹೊರಟಾಗಲೂ ಆ ಹತ್ತೊಂಬತ್ತರ ಹುಡುಗನು ಅವನ ಬೆನ್ನ ಹಿಂದೆಯೇ ನಿಂತಿರುವನು.

ಮಾದಕ ವಸ್ತುಗಳ ವಿಷಯದಲ್ಲಂತೂ ಈ ಅಲ್ಪ ರಿಯಾಯತಿಯೂ ಇಲ್ಲ. ಅರ್ಜಿಯಲ್ಲಿ ಅದಕ್ಕಾಗಿ ಬೇರೊಂದು ಪ್ರಶ್ನೆಯೇ ಇದೆ. ಗಾಯಕ ಜಾನ್ ಲೆನನ್ನನಿಗೆ 1968ರಲ್ಲಿ ಲಂಡನಿನ ನ್ಯಾಯಾಲಯವು ಗಾಂಜಾ ರಾಳವನ್ನು ಇಟ್ಟುಕೊಂಡದ್ದಕ್ಕಾಗಿ ದಂಡ ವಿಧಿಸಿತ್ತು. ಆ ಒಂದು ದಂಡವನ್ನೇ ಹಿಡಿದು 1972ರಿಂದ ಅಮೇರಿಕೆಯ ಸರಕಾರವು ಅವನನ್ನು ಹೊರದೂಡಲು ನಡೆಸಿದ ಖಟ್ಲೆಯು 1975ರ ಅಕ್ಟೋಬರದಲ್ಲಿ ಮೇಲ್ಮನವಿಯ ನ್ಯಾಯಾಲಯವು ಅವನ ಪರವಾಗಿ ತೀರ್ಪು ಕೊಡುವವರೆಗೆ ನಡೆಯಿತು. ಜಗತ್ಪ್ರಸಿದ್ಧನಿಗೆ ಸಮರ್ಥ ವಕೀಲರಿದ್ದರು. ಅಡಿಗೆಯ ಗ್ರಂಥಗಳಿಂದ ಖ್ಯಾತಳಾದ ನಿಜೆಲ್ಲಾ ಲಾಸನ್ ಎಂಬ ಆಂಗ್ಲ ಮಹಿಳೆಯ ಸಂಗತಿಯು ಇದಕ್ಕಿಂತಲೂ ವಿಚಿತ್ರವಾದದ್ದು. 2013ರಲ್ಲಿ ಬೇರೆಯವರ ಖಟ್ಲೆಯೊಂದರಲ್ಲಿ ಸಾಕ್ಷಿಯಾಗಿ ನಿಂತು, ತಾನು ಹಿಂದೆ ಕೊಕೇನ್ ಸೇವಿಸಿದ್ದುಂಟೆಂದು ಆಕೆಯು ಪ್ರಮಾಣಪೂರ್ವಕವಾಗಿ ಒಪ್ಪಿಕೊಂಡಳು. ಆಕೆಯ ಮೇಲೆ ಖಟ್ಲೆಯಾಗಲಿಲ್ಲ, ಶಿಕ್ಷೆಯಾಗಲಿಲ್ಲ. ಆದರೂ 2014ರಲ್ಲಿ ಲಂಡನಿನಿಂದ ಅಮೇರಿಕೆಗೆ ಹೊರಟಾಗ ಆಕೆಯನ್ನು ವಿಮಾನ ಹತ್ತಗೊಡಲಿಲ್ಲ. ಶಿಕ್ಷೆಯಿಲ್ಲದೆ ಬರಿಯ ಒಪ್ಪಿಗೆಯೇ ಬಾಗಿಲು ಮುಚ್ಚಲು ಆ ಕಾಯದೆಗೆ ಸಾಕು. ಬಳಿಕ ವೀಸಾಕ್ಕೆ ಅರ್ಜಿ ಹಾಕುವಂತೆ ದೂತಾವಾಸವು ಆಕೆಗೆ ತಿಳಿಸಿತು.

ಬ್ರಿಟನ್ನಿನ ಅನೇಕರು ಮೋಸಹೋಗುವದು ತಮ್ಮದೇ ದೇಶದ ಒಂದು ಉದಾರವಾದ ಕಾಯದೆಯಿಂದ. 1974ರ ಅಪರಾಧಿಗಳ ಪುನರ್ವಸತಿ ಕಾಯದೆಯ ಮೇರೆಗೆ, ಶಿಕ್ಷೆಯ ಪ್ರಮಾಣಕ್ಕೆ ತಕ್ಕಂತೆ ಗೊತ್ತಾದ ವರ್ಷಗಳು ಕಳೆದ ಮೇಲೆ ಹಳೆಯ ಅಪರಾಧವು 'ಮುಗಿದುಹೋದದ್ದು' ಎನಿಸುವದು. ಬಹುಮಟ್ಟಿನ ವ್ಯವಹಾರಗಳಲ್ಲಿ ಅದನ್ನು ಕೇಳಿದರೂ ಹೇಳಬೇಕಾಗಿಲ್ಲ. ಇದು ನಮ್ಮ ಧರ್ಮಶಾಸ್ತ್ರಕಾರರಿಗೆ ಹೊಸ ಮಾತಲ್ಲ. ಪ್ರಾಯಶ್ಚಿತ್ತವನ್ನು ಮಾಡಿಕೊಂಡವನನ್ನು ತಿರುಗಿ ಪಂಕ್ತಿಯಲ್ಲಿ ಕೂಡಿಸಿಕೊಂಡು, ಆ ಮೇಲೆ ಅವನ ದೋಷವನ್ನು ಎತ್ತಿ ಆಡಬಾರದೆಂಬ ಮರ್ಯಾದೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. (ಸಮುದ್ರವನ್ನು ದಾಟಿ ಬಂದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವೊಂದಿತ್ತು, ಇಂದು ಸಮುದ್ರವನ್ನು ದಾಟುವ ಮೊದಲೇ ಪ್ರಾಯಶ್ಚಿತ್ತದ ಲೆಕ್ಕವನ್ನು ಒಪ್ಪಿಸಬೇಕಾಗಿದೆ.) ಆದರೆ ಒಂದು ಊರಿನ ಪಂಕ್ತಿಯ ನಿರ್ಣಯವು ಇನ್ನೊಂದು ಊರಿಗೆ ಅನ್ವಯಿಸದಂತೆ, ಬ್ರಿಟನ್ನಿನ ಈ ಮರೆವು ಅಮೇರಿಕೆಗೆ ಅನ್ವಯಿಸುವದಿಲ್ಲ. ಪರದೇಶದ ಕ್ಷಮಾದಾನವನ್ನೂ ಅಲ್ಲಿಯ ಕಾಯದೆಯು ಮನ್ನಿಸುವದಿಲ್ಲ. 'ನನ್ನ ದೇಶದ ಕಾಯದೆಯೇ ನನ್ನನ್ನು ಶುದ್ಧನೆಂದಿದೆ, ಇಲ್ಲವೆಂದು ಬರೆದರೆ ಸುಳ್ಳು ಹೇಗಾದೀತು?' ಎಂದು ವಾದಿಸುವವನು ತನ್ನ ಮನಸ್ಸಾಕ್ಷಿಗೆ ಉತ್ತರ ಕೊಟ್ಟಾನು. ಅಮೇರಿಕೆಯ ಅಧಿಕಾರಿಗೆ ಕೊಡಲಾರನು.

ಈ ಲೇಖನವನ್ನು ಬರೆಯಲು ನಮಗೆ ಮುಖ್ಯ ಕಾರಣವಾದದ್ದು ಇದೇ. 'ಇಪ್ಪತ್ತು ವರ್ಷಗಳ ಹಿಂದಿನದು ಯಾರಿಗೆ ಗೊತ್ತಾಗುವದು, ಇಲ್ಲವೆಂದು ಬರೆದುಬಿಡಿ' ಎಂದು ಬುದ್ಧಿ ಹೇಳುವ ಆಪ್ತರು ಎಲ್ಲ ಕಡೆಯೂ ಇದ್ದಾರೆ. ಹಾಗೆ ಬರೆದು ನಿರಾತಂಕವಾಗಿ ಹೋಗಿಬಂದವರೂ ಇಲ್ಲದಿಲ್ಲ; ಅವರ ಕಥೆಗಳೇ ಇತರರಿಗೆ ಬಲೆಯಾಗುವವು. ವಾಚಕರು ಲಕ್ಷ್ಯದಲ್ಲಿಡಬೇಕಾದದ್ದೇನೆಂದರೆ, ಮಹತ್ವದ ಸಂಗತಿಯನ್ನು ಬೇಕೆಂದೇ ಮರೆಮಾಚಿ ಅಥವಾ ಸುಳ್ಳು ಹೇಳಿ ಪ್ರವೇಶವನ್ನು ಬೇಡಿದವನನ್ನು ಅಮೇರಿಕೆಯ ಕಾಯದೆಯು ಆಜೀವ ನಿಷೇಧಕ್ಕೆ ಗುರಿಮಾಡುತ್ತದೆ. ಹಳೆಯ ತಪ್ಪು ಕ್ಷುಲ್ಲಕವಾಗಿದ್ದು ಕ್ಷಮೆಗೆ ಯೋಗ್ಯವೇ ಆಗಿರಬಹುದು. ಅದನ್ನು ಮುಚ್ಚಲು ಆಡಿದ ಸುಳ್ಳು ಹೊಸದು, ಸ್ವತಂತ್ರವಾದದ್ದು, ಮತ್ತು ವಿಶೇಷ ಮನ್ನಣೆಯ ಹೊರತು ಅಳಿಯದಂತಹದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವದು.

ಇನ್ನೊಂದು ಸಂಗತಿಯನ್ನೂ ಹೇಳತಕ್ಕದ್ದಿದೆ. ವಿನಾಯತಿಯೆಂಬ ಹೆಸರಿನಲ್ಲಿ ಪ್ರವಾಸಿಗೆ ದೊರೆಯುವದು ವೀಸಾದಿಂದ ಮುಕ್ತಿ ಮಾತ್ರ. ಅದಕ್ಕೆ ಬೆಲೆಯಾಗಿ ಅವನು ತನ್ನ ಹಕ್ಕುಗಳನ್ನೂ ಬಿಟ್ಟುಕೊಡುತ್ತಾನೆ. ಬಂದರಿನಲ್ಲಿ ಅಧಿಕಾರಿಯು ಪ್ರವೇಶವಿಲ್ಲವೆಂದರೆ, ಆಶ್ರಯವನ್ನು ಬೇಡುವದೊಂದನ್ನುಳಿದು, ಆ ನಿರ್ಣಯವನ್ನು ಪ್ರಶ್ನಿಸುವ ಅಧಿಕಾರವು ಅವನಿಗೆ ಉಳಿಯುವದಿಲ್ಲ. ಯಂತ್ರವು ಅನುಮತಿಯನ್ನು ನಿರಾಕರಿಸಿದರೂ ಅದಕ್ಕೆ ಅಪೀಲಿಲ್ಲ. ಆದರೆ ನಿರಾಕರಣೆಯೆಂದರೆ ದೇಶವೇ ಮುಚ್ಚಿತೆಂದು ಅರ್ಥವಲ್ಲ. ಸುಲಭದ ಬಾಗಿಲು ಮುಚ್ಚಿತೆಂದಷ್ಟೇ ಅರ್ಥ. ಆಗ ವೀಸಾಕ್ಕೆ ಅರ್ಜಿ ಹಾಕಬೇಕು. 2023ರ ಜೂನಿನಿಂದ ಪ್ರವಾಸಿಯ ವೀಸಾದ ಅರ್ಜಿಶುಲ್ಕವು 185 ಡಾಲರ. ಬ್ರಿಟನ್ನಿನಲ್ಲಿರುವವರು ಅಲ್ಲಿಯ ಪೋಲೀಸ ದಾಖಲೆಗಳ ಕಚೇರಿಯಿಂದ ಪ್ರಮಾಣಪತ್ರವನ್ನು ತರಬೇಕು. ನ್ಯಾಯಾಲಯದ ತೀರ್ಪಿನ ನಕಲು ಕೈಯಲ್ಲಿದ್ದರೆ ಉತ್ತಮ. ಅಲ್ಲಿ ಕುಳಿತವನು ಯಂತ್ರವಲ್ಲ, ಮನುಷ್ಯನು. ನಡೆದದ್ದೇನು, ಎಷ್ಟು ವರ್ಷವಾಯಿತು, ಆ ಮೇಲೆ ಹೇಗೆ ಬಾಳಿದೆ ಎಂಬುದನ್ನು ಹೇಳಲು ಅವಕಾಶವುಂಟು. ಅಪರಾಧವು ನಿಷೇಧದೊಳಗೆ ಬಂದರೂ, ಅಧಿಕಾರಿಯು ಶಿಫಾರಸು ಮಾಡಿದರೆ ತಾತ್ಪೂರ್ತಿಕ ಪ್ರವಾಸಕ್ಕೆ ವಿಶೇಷ ಮನ್ನಣೆಯನ್ನು ಕೊಡುವ ಕಲಮು 1952ರ ಕಾಯದೆಯಲ್ಲಿದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದುದರಿಂದ ಟಿಕೀಟನ್ನು ಕೊಂಡ ಮೇಲೆ ಅರ್ಜಿಯನ್ನು ತೆರೆಯುವವರು ತಾವೇ ತಮ್ಮ ಕಷ್ಟವನ್ನು ತಂದುಕೊಳ್ಳುವರು.

ರಾಜಕೀಯ ಅಪರಾಧದ ಮಾತು ನಮಗೆ ವಿಶೇಷವಾದದ್ದು. 1891ರ ಅಮೇರಿಕನ್ ಕಾಯದೆಯು ನೈತಿಕ ಅಧಃಪತನದ ನಿಷೇಧವನ್ನು ಹಾಕಿದಾಗಲೇ, ರಾಜಕೀಯ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವರಿಗೆ, ಅವರ ದೇಶದ ಸರಕಾರವು ಅದನ್ನು ಎಂತಹ ನೀಚ ಹೆಸರಿನಿಂದ ಕರೆದಿದ್ದರೂ, ಆ ನಿಷೇಧವು ತಗಲಬಾರದೆಂದು ಹೇಳಿತ್ತು. ಸ್ವತಃ ಬಂಡೆದ್ದು ಸ್ವತಂತ್ರವಾದ ದೇಶದ ಬಾಯಿಂದ ಬರತಕ್ಕ ಮಾತೇ ಅದು. ಶುದ್ಧ ರಾಜಕೀಯ ಅಪರಾಧವನ್ನು ಇಂದಿನ ಕಾಯದೆಯೂ ಹೊರತುಪಡಿಸುತ್ತದೆ. ಲೋಕಮಾನ್ಯ ತಿಲಕರು 1908ರಲ್ಲಿ ರಾಜದ್ರೋಹಕ್ಕಾಗಿ ಆರು ವರ್ಷಗಳ ಶಿಕ್ಷೆಯನ್ನು ಹೊಂದಿ ಮಂಡಾಲೆಯ ತುರಂಗದಲ್ಲಿದ್ದವರು. 1918ರಲ್ಲಿ ಚಿರೋಲನ ಮೇಲಿನ ಮಾನನಷ್ಟದ ಖಟ್ಲೆಗಾಗಿ ಇಂಗ್ಲಂಡಿಗೇ ಹೋದರು. ಸುಮಾರು ಒಂಬತ್ತು ವರ್ಷಗಳನ್ನು ತುರಂಗದಲ್ಲಿ ಕಳೆದ ಜವಾಹರಲಾಲರು 1949ರ ಅಕ್ಟೋಬರದಲ್ಲಿ ಪ್ರಧಾನಮಂತ್ರಿಗಳಾಗಿ ಅಮೇರಿಕೆಗೆ ಹೋದಾಗ ಅಲ್ಲಿ ದೊರೆತದ್ದು ರಾಜಮರ್ಯಾದೆ. ಆದರೆ ಪ್ರಧಾನಿಯಾಗದ ಸಾವಿರಾರು ಸತ್ಯಾಗ್ರಹಿಗಳಿಗೆ ಯಾರು ಹಾಸುವರು ಆ ಕೆಂಪು ಹಾಸು? 'ಶುದ್ಧ' ಎಂಬ ಒಂದು ವಿಶೇಷಣದಲ್ಲಿ ಎಷ್ಟು ಮುಳ್ಳುಗಳಿವೆಯೆಂಬುದಕ್ಕೆ ನೆಲ್ಸನ್ ಮಂಡೇಲಾರ ಸಂಗತಿಯನ್ನು ನೋಡಬಹುದು. ಅಪರಾಧದ ಕಲಮಿನಿಂದಲ್ಲ, ಭಯೋತ್ಪಾದನೆಯ ಕಲಮಿನಿಂದ ಅವರ ಪಕ್ಷವು ಗುರುತಿಸಲ್ಪಟ್ಟಿತ್ತು. ದಕ್ಷಿಣ ಆಫ್ರಿಕೆಯ ಅಧ್ಯಕ್ಷಪದವಿಯನ್ನು ಏರಿ ಇಳಿದ ಮೇಲೂ, ನೋಬೆಲ್ ಪಾರಿತೋಷಕವನ್ನು ಹೊಂದಿದ ಮೇಲೂ, ಅಮೇರಿಕೆಗೆ ಬರಲು ಅವರಿಗೆ ವಿಶೇಷ ಮನ್ನಣೆ ಬೇಕಾಗುತ್ತಿತ್ತು. ಈ ಅವಮಾನವನ್ನು ತೊಡೆಯುವ ಕಾಯದೆಗೆ ಅಧ್ಯಕ್ಷ ಬುಶ್ಶರ ಸಹಿಯಾದದ್ದು 2008ರ ಜುಲೈ 1ರಂದು. ಮಂಡೇಲಾರಿಗೆ ಆಗ ತೊಂಬತ್ತು ತುಂಬಲು ಕೆಲವೇ ದಿನಗಳಿದ್ದವು. ರಾಜಕೀಯ ಬಂಧನವನ್ನು ತೂಗುವ ಕೆಲಸವನ್ನು 'ಹೌದು–ಇಲ್ಲ'ಗಳ ಯಂತ್ರಕ್ಕೆ ಬಿಡಬಾರದೆಂದು ನಾವು ಹೇಳುವದು ಇದಕ್ಕಾಗಿಯೇ.

ಕಾಲಮಿತಿಯನ್ನು ಇಡುವದು ಅಸಾಧ್ಯವೇ? ಅಲ್ಲ. ಬ್ರಿಟನ್ನೇ ಈಗ ಇಂತಹದೇ ಒಂದು ಅನುಮತಿಯನ್ನು ಏರ್ಪಡಿಸಿ, 2025ರ ಜನೇವರಿ 8ರಿಂದ ಅಮೇರಿಕನ್ನರನ್ನೂ ಅದಕ್ಕೆ ಒಳಪಡಿಸಿದೆ. ಆ ನಿಯಮಗಳಲ್ಲಿ ಲೆಕ್ಕವು ಸ್ಪಷ್ಟವಾಗಿದೆ: ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯನ್ನು ಹೊಂದಿದವನಿಗೆ ಅನುಮತಿಯಿಲ್ಲ, ಅದಕ್ಕಿಂತ ಸಣ್ಣ ಅಪರಾಧವಾದರೆ ತೀರ್ಪಾಗಿ ಹನ್ನೆರಡು ತಿಂಗಳು ಕಳೆದಿರಬೇಕು. ದೀರ್ಘ ಶಿಕ್ಷೆಯವನಿಗೆ ಎಂದೆಂದಿಗೂ ಬೇಡವೆಂಬ ಕಾಠಿಣ್ಯವನ್ನು ನಾವು ಮೆಚ್ಚಲಾರೆವು. ಆದರೆ ಸಣ್ಣ ತಪ್ಪಿನವನಿಗೆ ತಾನು ಯಾವ ದಿನ ಋಣಮುಕ್ತನಾಗುವೆನೆಂಬುದು ಅಲ್ಲಿ ಗೊತ್ತಿದೆ, ದಸ್ತಗಿರಿಯು ತೀರ್ಪಿನೊಡನೆ ಬೆರೆತಿಲ್ಲ. ಕೆನಡಾದಲ್ಲಿಯೂ, ಶಿಕ್ಷೆಯು ಪೂರ್ತಿಯಾಗಿ ಐದು ವರ್ಷಗಳಾದ ಮೇಲೆ ತಾನು ಸುಧಾರಿಸಿದ್ದೇನೆಂದು ಅರ್ಜಿಯ ಮೂಲಕ ತೋರಿಸಿ ಆ ಕಳಂಕವನ್ನು ತೊಳೆದುಕೊಳ್ಳಬಹುದು. ಅಮೇರಿಕೆಗೆ ಮಾತ್ರ ಇದು ಅಶಕ್ಯವೆಂದು ನಾವು ನಂಬಲಾರೆವು.

ಪರರ ಬಾಗಿಲನ್ನು ಟೀಕಿಸುವಾಗ ನಮ್ಮ ಹೊಸ್ತಿಲನ್ನೂ ನೋಡಿಕೊಳ್ಳಬೇಕು. ನಮ್ಮ 1967ರ ಪಾಸಪೋರ್ಟ ಕಾಯದೆಯಲ್ಲಿಯೂ 'ನೈತಿಕ ಅಧಃಪತನ'ದ ಅದೇ ಪದವಿದೆ. ಆದರೆ ಮಿತಿಯೊಡನೆ ಇದೆ. ಅಂತಹ ಅಪರಾಧಕ್ಕಾಗಿ ಎರಡು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸವು ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ವಿಧಿಸಲ್ಪಟ್ಟಿದ್ದರೆ ಮಾತ್ರ ಪಾಸಪೋರ್ಟನ್ನು ನಿರಾಕರಿಸಬಹುದು. ಇದು ವಿವೇಕದ ಕಲಮು. ಅದರ ಮಗ್ಗುಲಲ್ಲೇ ಇರುವ ಇನ್ನೊಂದು ಕಲಮು ಅಷ್ಟು ವಿವೇಕದ್ದಲ್ಲ: ಯಾವದೇ ಕ್ರಿಮಿನಲ್ ನ್ಯಾಯಾಲಯದಲ್ಲಿ ಖಟ್ಲೆಯು ನಡೆಯುತ್ತಿದ್ದರೆ, ಅಪರಾಧವು ಎಷ್ಟೇ ಅಲ್ಪವಾಗಿರಲಿ, ಪಾಸಪೋರ್ಟನ್ನು ತಡೆಯಬಹುದು. ಶಿಕ್ಷೆ ಹೊಂದಿದವನಿಗೆ ಐದು ವರ್ಷಗಳ ಮಿತಿ; ಶಿಕ್ಷೆಯೇ ಆಗದವನಿಗೆ ಖಟ್ಲೆಯು ಮುಗಿಯುವವರೆಗೆ ಮಿತಿಯೇ ಇಲ್ಲ. ನಮ್ಮ ನ್ಯಾಯಾಲಯಗಳಲ್ಲಿ ಖಟ್ಲೆಗಳು ಮುಗಿಯುವ ವೇಗವನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

1993ರ ಆಗಸ್ಟ 25ರ ಸರಕಾರೀ ಪ್ರಕಟಣೆಯು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿ, ನ್ಯಾಯಾಲಯದ ಅನುಮತಿಯನ್ನು ತಂದವನಿಗೆ ಪಾಸಪೋರ್ಟನ್ನು ಕೊಡತಕ್ಕದ್ದೆಂದಿತು. ಆದರೆ ನ್ಯಾಯಾಲಯವು ಅವಧಿಯನ್ನು ಹೇಳದಿದ್ದಲ್ಲಿ ಅದು ಒಂದೇ ವರ್ಷದ ಪಾಸಪೋರ್ಟ. ಅನೇಕ ದೇಶಗಳು ಪಾಸಪೋರ್ಟಿಗೆ ಇನ್ನೂ ಆರು ತಿಂಗಳ ಬಾಳಿಕೆಯಿರದ ಹೊರತು ಒಳಗೆ ಬಿಡುವದಿಲ್ಲವಾದ್ದರಿಂದ, ಒಂದು ವರ್ಷದ ಪಾಸಪೋರ್ಟೆಂದರೆ ವಾಸ್ತವವಾಗಿ ಆರು ತಿಂಗಳದ್ದೇ. ರಸ್ತೆ ತಡೆದ ಖಟ್ಲೆಯಲ್ಲಿ ಸಿಕ್ಕಿಕೊಂಡು, ಪರದೇಶದಲ್ಲಿ ಎರಡು ವರ್ಷಗಳ ವ್ಯಾಸಂಗಕ್ಕೆ ಸ್ಥಾನ ಪಡೆದ ವಿದ್ಯಾರ್ಥಿಗೆ ಇದರಿಂದೇನು ಪ್ರಯೋಜನ? ಇಂತಹ ಅರ್ಜಿಗಳು ಬಂದಾಗ ನಮ್ಮ ಜಿಲ್ಲೆಗಳ ನ್ಯಾಯಾಧೀಶರು ತಮ್ಮ ಆಜ್ಞೆಯಲ್ಲಿ ಅವಧಿಯನ್ನು ಸ್ಪಷ್ಟವಾಗಿ ಬರೆಯಬೇಕೆಂದೂ, ವಕೀಲರು ಅದನ್ನು ಕೇಳಲು ಮರೆಯಬಾರದೆಂದೂ ನಾವು ಸೂಚಿಸುತ್ತೇವೆ. ಅದಕ್ಕಿಂತ ಮುಖ್ಯವಾಗಿ, ನೈತಿಕ ಅಧಃಪತನದ ಆರೋಪವಿಲ್ಲದ ಖಟ್ಲೆಗಳಲ್ಲಿ ಈ ಒಂದು ವರ್ಷದ ಮಿತಿಯನ್ನು ವಿದೇಶಾಂಗ ಸಚಿವಾಲಯವು ಎತ್ತಿಹಾಕಬೇಕು. ಇದಕ್ಕಾಗಿ ಪಾರ್ಲಿಮೆಂಟು ಹೊಸ ಕಾಯದೆಯನ್ನು ಮಾಡಬೇಕಾಗಿಲ್ಲ. ಪ್ರಕಟಣೆಯನ್ನು ತಿದ್ದಲು ಇನ್ನೊಂದು ಪ್ರಕಟಣೆಯೇ ಸಾಕು.